ಮಾವಿನ ಮಂಡಿಯ ಮೂರು ಮಿಷನ್ನುಗಳು

ನಾನು ಆಡಿದ ಮೊದಲ ವಿಡಿಯೊ ಗೇಮು ಕಾರಿನದು. ಅದರ ಬಗ್ಗೆ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಒಂದೇ: ಅಷ್ಟು ಹೇಸಿಗೆ ಹುಟ್ಟಿಸಿದ ಆಟವನ್ನು ನಾನು ಬೇರೆ ಕಂಡಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕೋಲಾರದಲ್ಲಿದ್ದುಕೊಂಡು ದಿನಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಮಾಲೂರಿನ ಹೆಂಚಿನ ಕಾರ್ಖಾನೆ, ಮುಳಬಾಗಿಲಿನ ಹೆದ್ದಾರಿ ಅಪಘಾತ, ಶ್ರೀನಿವಾಸಪುರದ ಮಾವಿನ ದರ ಎಂದು ವಾರದ ಬಹುಪಾಲು ಬಸ್ಸಿನಲ್ಲೇ ಕಳೆಯುತ್ತಿತ್ತು. ಶ್ರೀನಿವಾಸಪುರದಲ್ಲಿ ನನಗೆ ದರ ಹೇಳುತ್ತಿದ್ದವರು ಒಂದು ಮಂಡಿಯ ಯಜಮಾನರು. ತಾತನ ಕಾಲದಿಂದ ಮಾವಿನ ವ್ಯಾಪಾರದಲ್ಲಿದ್ದ ಮುಸಲ್ಮಾನರ ಮನೆತನ. ಊರೆಲ್ಲ ಅವರನ್ನು ಭಾಯಿ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರು ಹೇಳಿದ ದರವನ್ನು ನಾನು ತಿದ್ದುತ್ತಿರಲಿಲ್ಲ, ನಾನು ಬರೆದದ್ದನ್ನು ಅವರು ಅಲ್ಲಗಳೆಯುತ್ತಿರಲಿಲ್ಲ. ನಮ್ಮ ನಂಟು ಅಷ್ಟರದು.

ಮಾವಿನ ಮಂಡಿಗೆ ಬೇಸಗೆಯಲ್ಲಿ ಮಾತ್ರ ಜೀವ. ಉಳಿದಂತೆ ತಗಡಿನ ಚಾವಣಿಯ ಕೆಳಗೆ ಒಣಹುಲ್ಲಿನ ಕಸ, ಮುರಿದ ಮರದ ಪೆಟ್ಟಿಗೆಗಳು, ಮಲಗಿದ ನಾಯಿಗಳು. ಹಾಗೆ ಖಾಲಿ ಬಿದ್ದಿದ್ದ ಮಂಡಿಯಲ್ಲಿ ಭಾಯಿಯ ತಮ್ಮ ಮೂರು ವಿಡಿಯೊ ಗೇಮಿನ ಮಿಷನ್ನುಗಳನ್ನು ತಂದು ನಿಲ್ಲಿಸಿದ್ದ. ಬೆಂಗಳೂರಿನಲ್ಲಿ ಯಾರೋ ಆಡಿಸಿ ಸಾಕಾಗಿ ಮಾರಿದ್ದವು. ಗಾಜಿನ ಮೇಲೆ ಗೀರು, ಹ್ಯಾಂಡಲಿನ ಮೇಲೆ ಜಿಡ್ಡು. ಗೋಡೆಯಲ್ಲಿ ಹಿಂದಿನ ಸುಗ್ಗಿಯ ಕಾರ್ಬೈಡಿನ ವಾಸನೆ ಹಾಗೇ ಉಳಿದಿತ್ತು. ಹಣ್ಣು ಮಾಗಿಸಲು ಹಾಕುತ್ತಿದ್ದ ಆ ಪುಡಿಯ ವಾಸನೆಗೆ ಕೊಳೆತ ಬೆಳ್ಳುಳ್ಳಿಯೇ ವಾಸಿ. ಅದನ್ನು ಮೂಗಿಗೆ ತುಂಬಿಕೊಂಡೇ ಹುಡುಗರು ಸಾಲಾಗಿ ನಿಂತಿರುತ್ತಿದ್ದರು.

ಮಂಡಿಯ ವ್ಯಾಪಾರ ಬಿಟ್ಟು ಈ ತಮ್ಮ ಮಿಷನ್ನುಗಳ ದಾರಿ ಹಿಡಿದದ್ದಕ್ಕೆ ಕಾರಣವಿತ್ತು. ನಮ್ಮ ಕಡೆಯ ಮಂಡಿಗಳಲ್ಲಿ ದರವನ್ನು ಬಾಯಲ್ಲಿ ಕೂಗುವುದಿಲ್ಲ. ಕೊಳ್ಳುವವನೂ ಮಂಡಿಯವನೂ ಒಂದು ಟವಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಹಿಡಿದು ದರ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಮುಖಗಳಷ್ಟೇ ಕಾಣಿಸುತ್ತವೆ. ಬೆರಳಿನ ಮಾತು ಒಮ್ಮೆ ಮುಗಿದರೆ ಮುಗಿಯಿತು, ವಾಪಸ್ಸಿಲ್ಲ. ಹಿಂದಿನ ಸುಗ್ಗಿಯಲ್ಲಿ ಭಾಯಿ ಶುಕ್ರವಾರದ ನಮಾಜಿಗೆ ಹೋದಾಗ ತಮ್ಮ ಅವರ ಜಾಗದಲ್ಲಿ ಕೂತಿದ್ದ. ಮದರಾಸಿನ ವ್ಯಾಪಾರಿ ಹಿಡಿದದ್ದು ಮೂರು ಬೆರಳು. ನಡುಗುತ್ತಿದ್ದ ಕೈಗೆ ಅದು ನಾಲ್ಕೆಂದು ತಿಳಿಯಿತು, ತಲೆಯಾಡಿಸಿಬಿಟ್ಟ. ಯಲ್ದೂರಿನ ತೋಟದವರೊಬ್ಬರ ಬಾದಾಮಿ ಮಾವಿನ ರಾಶಿಯೆಲ್ಲ ಹೋಗಬಾರದಷ್ಟು ಅಗ್ಗದ ದರಕ್ಕೆ ಹೋಯಿತು. ಅವರು ಮಂಡಿಯ ನಡುವೆ ನಿಂತು ಅವನ ಜನ್ಮ ಜಾಲಾಡಿದರು. ಅಂದಿನಿಂದ ಹಮಾಲಿಗಳ ಬಾಯಲ್ಲಿ ಅವನು 'ಮೂರೂವರೆ ಬೆರಳಿನ ಸಾಬಣ್ಣ'.

ಫಾಲ್ಗುಣದ ಬಿಸಿಲು ಏರುತ್ತಿದ್ದ ಒಂದು ದಿನ ಮಂಡಿಗೆ ಹೋದೆ. ಅಣ್ಣ ತಮ್ಮಂದಿರ ನಡುವೆ ಮಾತು ಬಿಸಿಯಾಗಿತ್ತು. ನನ್ನನ್ನು ಕಂಡು ಭಾಯಿ ತಮ್ಮನ ಕಡೆ ತಿರುಗಿದರು.

"ನೋಡ್ಲಾ, ಪೇಪರ್ ಸಾರ್ ಬಂದ್ರು. ಅವ್ರೇ ಆಡಿ ಹೇಳ್ಲಿ. ಒಳ್ಳೇದು ಅಂದ್ರೆ ಬಸ್ ಸ್ಟ್ಯಾಂಡ್ ಹತ್ರ ಕೋಣೆ ಕೊಡಿಸ್ತೀನಿ, ನಿನ್ ಪಾಡಿಗೆ ನೀನು ನಡೆಸ್ಕೋ. ಇಲ್ಲಾಂದ್ರೆ ಹಣ್ಣು ಬರೋ ಹೊತ್ಗೆ ಮಿಷನ್ ಆಚೆ, ನೀನು ಒಳಗೆ."

ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ಸುಳ್ಳು ಹೇಳಿ ಅನ್ನಲ್ಲ. ಮೂರೂ ಆಡಿ, ಆಮೇಲೆ ಹೇಳಿ. ಆ ಟವಲ್ ಕೆಳಗೆ ಮಾತ್ರ ನನ್ ಕೈ ಇನ್ನೊಂದ್ ಸಲ ಹೋಗ್ಬಾರ್ದು ಸಾರ್."

ಹಾಗಾಗಿ ಆಡಿದೆ. ಕಾರಿನ ಮಿಷನ್ನಿನಲ್ಲಿ ರಸ್ತೆ ಕೆಳಗೆ ಓಡುತ್ತದೆ, ಎದುರು ಬರುವ ಕಾರುಗಳನ್ನು ತಪ್ಪಿಸಬೇಕು. ಗುದ್ದಿದರೆ ಕಾರು ಹೊತ್ತಿ ಉರಿದು, ರೆಪ್ಪೆ ಮಿಟುಕಿಸುವುದರೊಳಗೆ ಹೊಸದಾಗಿ ಎದ್ದು ನಿಲ್ಲುತ್ತದೆ. ನಾನು ಆ ಬೆಳಿಗ್ಗೆಯೇ ಬೈರಕೂರಿನ ಹತ್ತಿರ ಉರುಳಿದ್ದ ಲಾರಿಯೊಂದನ್ನು ನೋಡಿ ಬಂದಿದ್ದೆ. ರಸ್ತೆಯ ತುಂಬ ಟೊಮೇಟೊ, ಮೋರಿಯಲ್ಲಿ ಕ್ಲೀನರನ ಒಂದೇ ಚಪ್ಪಲಿ. ಅಲ್ಲಿ ಇಡೀ ಊರು ಕೆಲಸ ಬಿಟ್ಟು ಓಡಿಬಂದಿತ್ತು. ಇಲ್ಲಿ ಕಾರು ಉರಿದಾಗ ನನ್ನ ಹಿಂದೆ ನಿಂತಿದ್ದ ಹುಡುಗರು ಕೇಕೆ ಹಾಕಿದರು.

ಎರಡನೆಯದು ಆಕಾಶದಲ್ಲಿ ಗುಂಡು ಹಾರಿಸುವ ಆಟ. ಮೇಲಿನಿಂದ ಹುಳುಗಳ ಹಾಗೆ ಸಾಲುಸಾಲಾಗಿ ಏನೋ ಇಳಿಯುತ್ತವೆ. ನಾವು ಕೆಳಗೆ ಅತ್ತಿತ್ತ ಸರಿಯುತ್ತ ಅವನ್ನು ಹೊಡೆಯಬೇಕು. ಒಂದು ಸಾಲು ಮುಗಿದರೆ ಅದೇ ಸಾಲು ಇನ್ನಷ್ಟು ಬೇಗ ಬರುತ್ತದೆ. ಹೇನು ಕುಕ್ಕುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹೇನಾದರೆ ತಲೆಯ ಕಡಿತ ಹೋಗುತ್ತದೆ. ಗೆದ್ದೆ ಎಂದು ಮಿಷನ್ನು ಯಾವತ್ತೂ ಹೇಳುವುದಿಲ್ಲ. ಸೋತಾಗ ಮಾತ್ರ ದೊಡ್ಡ ಅಕ್ಷರದಲ್ಲಿ ಗೇಮ್ ಓವರ್ ಎಂದು ಬರೆದು, ಸಾಯುವ ಹಸು ಕೂಗಿದಂಥ ದನಿ ಹೊರಡಿಸುತ್ತದೆ.

ಮೂರನೆಯದರಲ್ಲಿ ಕುಳ್ಳ ಮನುಷ್ಯನೊಬ್ಬ ಏಣಿ ಹತ್ತಿ ಇಳಿದು ಹಣ್ಣು ಆರಿಸುತ್ತಾನೆ. ಮುಟ್ಟಿದ ಹಣ್ಣು ಮಾಯ. ಬುಟ್ಟಿಯಿಲ್ಲ, ತೂಕವಿಲ್ಲ, ಸೊನೆ ಮೈಸುಟ್ಟ ಗುರುತಿಲ್ಲ. ಮಾವಿನ ಮಂಡಿಯಲ್ಲಿ ನಿಂತು ಇದನ್ನು ಆಡುವುದು ನಾಚಿಕೆಗೇಡಿನ ಕೆಲಸವೆನ್ನಿಸಿ ಅರ್ಧಕ್ಕೇ ಹ್ಯಾಂಡಲು ಬಿಟ್ಟೆ.

ಬಿಟ್ಟ ಹ್ಯಾಂಡಲನ್ನು ತಮ್ಮ ಹಿಡಿದುಕೊಂಡ. ನನ್ನ ಮುಖ ನೋಡುತ್ತಲೇ ಆಡತೊಡಗಿದ. ಪರದೆಯ ಕಡೆ ಅವನ ಕಣ್ಣು ಅಪರೂಪಕ್ಕೆ ಹೋಗುತ್ತಿತ್ತು. ಬೆರಳು ಬಟನ್ನಿನ ಮೇಲೆ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು.

"ಹೆಂಗಿದೆ ಸಾರ್?" ಭಾಯಿ ಕೇಳಿದರು.

"ಅಸಹ್ಯ ಭಾಯಿ. ಮೂರೂ ಅಸಹ್ಯ. ಮನುಷ್ಯರು ಆಡೋ ಆಟ ಅಲ್ಲ," ಎಂದು ನಾನು ಕಂಡ ಕಾರಣಗಳನ್ನೂ ಹೇಳಿದೆ. ತಮ್ಮನ ಕೈ ನಿಂತಿತು. ಕಂಡದ್ದನ್ನು ಪೂರ್ತಿ ಹೇಳಬೇಕಲ್ಲ, ಇನ್ನೊಂದು ಮಾತು ಸೇರಿಸಿದೆ: "ಆದ್ರೆ ನಿಮ್ ತಮ್ಮ ಆಡೋದನ್ನ ನೀವು ನೋಡ್ಬೇಕು. ಆಟ ಕೆಟ್ಟದ್ದು, ಕೈ ಒಳ್ಳೇದು."

ಭಾಯಿಗೆ ಏನನ್ನಿಸಿತೋ, ತಾವೇ ಮಿಷನ್ನಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಕೂತವರು ಹೆಗಲ ಮೇಲಿನ ಟವಲನ್ನು ತೆಗೆದು, ಹ್ಯಾಂಡಲೂ ಬಟನ್ನೂ ಎರಡು ಕೈಯೂ ಮುಚ್ಚುವ ಹಾಗೆ ಹರವಿಕೊಂಡರು. ಬೆರಳಾಡಿಸುವ ಕೆಲಸವನ್ನು ಅವರು ಜೀವಮಾನದಲ್ಲಿ ಬಯಲಲ್ಲಿ ಮಾಡಿದವರಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬ ಹಮಾಲಿ ತೆಲುಗು ಬೆರೆಸಿ ಕೂಗಿದ: "ಎಂತಕಿ ಭಾಯಿ, ಎಂತಕಿ? ಆ ಕುಳ್ಳ ಎಷ್ಟಕ್ಕೆ ಕೇಳ್ತಾವ್ನೆ?"

"ಮುಚ್ಲೇ ಬಾಯಿ," ಎಂದರು ಭಾಯಿ, ನಗದೆ. ಕುಳ್ಳ ಮನುಷ್ಯ ಮೊದಲ ಏಣಿಯಲ್ಲೇ ಬಿದ್ದು ಸತ್ತ. ಮತ್ತೆ ಎದ್ದ, ಮತ್ತೆ ಸತ್ತ.

ತಮ್ಮನಿಗೆ ತಡೆಯಲಾಗಲಿಲ್ಲ. "ಹಂಗಲ್ಲ ಭಾಯ್‌ಜಾನ್, ಇಲ್ಲಿ ಒತ್ತಿ," ಎಂದು ಹಿಂದಿನಿಂದ ಬಗ್ಗಿ ತನ್ನೆರಡು ಕೈಗಳನ್ನೂ ಟವಲಿನ ಅಡಿಗೆ ತೂರಿಸಿ, ಅಣ್ಣನ ಬೆರಳುಗಳ ಮೇಲೆ ತನ್ನ ಬೆರಳಿಟ್ಟ. ಕುಳ್ಳ ಏಣಿ ಹತ್ತಿದ, ಹಾರಿದ, ಹಣ್ಣು ಆರಿಸಿದ. ಹುಡುಗರ ನಗೆ ನಿಂತುಹೋಯಿತು. ಟವಲು ಒಳಗೊಳಗೇ ಮಿಸುಕುತ್ತಿತ್ತು. ಭಾಯಿ ಪರದೆ ನೋಡುವುದನ್ನು ಬಿಟ್ಟಿದ್ದರು. ದರ ಕೇಳಿಸಿಕೊಳ್ಳುವಾಗಿನ ಹಾಗೆ ಕಣ್ಣನ್ನು ಚಾವಣಿಗೆ ನೆಟ್ಟು ಸುಮ್ಮನೆ ಕೂತಿದ್ದರು.

ಕಡೆಗೆ ಟವಲು ಸರಿಸಿ ಎದ್ದರು. "ಇವನ್ ಬೆರಳು ನಡುಗ್ತಿಲ್ಲ," ಎಂದು ನನಗೆ ಹೇಳಿದರು. ತಮ್ಮನ ಮುಖ ಅರಳಿತು. ಕೋಣೆ ಸಿಕ್ಕಿತೆಂದೇ ಅವನು ತಿಳಿದ. ನಾನೂ ಹಾಗೆಯೇ ತಿಳಿದೆ.

"ಗೇಮು ಗಲೀಜು ಅಂತ ಸಾರೇ ಹೇಳಿದ್ರು," ಭಾಯಿ ತಮ್ಮನ ಬೆನ್ನು ತಟ್ಟಿದರು. "ಆದ್ರೂ ನಿನ್ ಕೈ ರಿಪೇರಿ ಮಾಡ್ತು ನೋಡು. ಈ ಸಲ ಟವಲ್ ನಿಂದೇ ಕಣೋ. ನಾನು ಪಕ್ಕದಲ್ಲಿ ಕೂರ್ತೀನಿ, ಅಷ್ಟೇ."

"ಭಾಯ್‌ಜಾನ್, ಅದು ಬೇರೆ, ಇದು ಬೇರೆ."

"ಬೆರಳು ಅದೇ ಅಲ್ವೇನ್ಲಾ?"

ತಮ್ಮ ನನ್ನ ಕಡೆ ನೋಡಿದ. ನನ್ನ ಮಾತು ಅದಾಗಲೇ ಮುಗಿದಿತ್ತು.

ಮೊದಲ ಬಾದಾಮಿ ಬರುವ ಹೊತ್ತಿಗೆ ಮಿಷನ್ನುಗಳನ್ನು ಮಂಡಿಯ ಹಿಂದೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದರು. ಮಳೆ ನೀರು ಒಳಗಿಳಿದು ಅವು ಮತ್ತೆ ಹತ್ತಿಕೊಳ್ಳಲಿಲ್ಲ. ಆ ಆಟಗಳಿಗಾಗಿ ನಾನು ಮರುಗಲಿಲ್ಲ, ಈಗಲೂ ಮರುಗುವುದಿಲ್ಲ.

ಆ ಸುಗ್ಗಿಯಲ್ಲಿ ದರ ಬರೆದುಕೊಳ್ಳಲು ಹೋದಾಗ ಮಂಡಿಯ ಗಾದಿಯ ಮೇಲೆ ತಮ್ಮ ಕೂತಿದ್ದ. ಎದುರಿಗೆ ಮದರಾಸಿನ ವ್ಯಾಪಾರಿ, ನಡುವೆ ಟವಲು, ಸುತ್ತ ಕಾರ್ಬೈಡಿನ ಅದೇ ನಾತ. ತಮ್ಮನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು, ಮುಖದಲ್ಲಿ ಏನೂ ಇರಲಿಲ್ಲ. ವ್ಯಾಪಾರ ಕುದುರಿತು. ಯಾರೂ ಕೇಕೆ ಹಾಕಲಿಲ್ಲ, ಯಾರೂ ಬೈಯಲೂ ಇಲ್ಲ. ಅವನು ಕೈ ಹೊರಗೆ ತೆಗೆದು, ಪಂಚೆಗೆ ಗಟ್ಟಿಯಾಗಿ ಒರೆಸಿಕೊಂಡು, ನನಗೆ ಅಂದಿನ ದರ ಹೇಳಿದ. ಸರಿಯಾಗಿಯೇ ಇತ್ತು, ಪಕ್ಕದಲ್ಲಿದ್ದ ಭಾಯಿ ತಿದ್ದಲಿಲ್ಲ. ಬರೆದುಕೊಂಡೆ.