ನಾಲ್ಕನೆಯ ದಿನ ಎಂದು ಬರೆಸಿದ ರಕ್ತ

ಸಂಶೋಧನೆಗೆಂದು ಮಂಗಳೂರಿಗೆ ಬಂದ ಎರಡನೆಯ ತಿಂಗಳು, ಕೊಡಿಯಾಲ್‌ಬೈಲಿನ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಬೆಚ್ಚಿಬಿದ್ದೆ. ಹಸಿರು ಚುಕ್ಕೆಗಳೆಲ್ಲ ಬಾಲ ಎಳೆದುಕೊಂಡು ಒಂದೇ ದಿಕ್ಕಿಗೆ ಹೊರಟಿದ್ದವು. ಒಂದೊಂದೂ ಯಾರದೋ ರಕ್ತದ ಜೀವಕೋಶ. ಒಳಗಿನ ಡಿಎನ್‌ಎ ಮುರಿದಿದ್ದರೆ, ಕರೆಂಟು ಹಾಯಿಸಿದಾಗ ಚೂರುಗಳು ಹೊರಗೆ ಸರಿದು ಬಾಲವಾಗುತ್ತವೆ; ಮುರಿದದ್ದು ಸರಿಹೋಗದಿದ್ದರೆ ಕ್ಯಾನ್ಸರಿಗೆ ದಾರಿಯಾಗಬಹುದು. ಮುಟ್ಟಿನ ಚಕ್ರದಲ್ಲಿ ಹಾರ್ಮೋನು ಏರಿಳಿದಂತೆ ಬಾಲವೂ ಏರಿಳಿಯುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಸ್ಲೈಡಿನ ಮೇಲೆ ಹೆಸರಿಲ್ಲ, ಬರೀ ನಂಬರು. ರಕ್ತ ಕೊಟ್ಟವರಲ್ಲಿ ನಾನೂ ಒಬ್ಬಳು.

ವಿಜಯಪುರದ ನಮ್ಮ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹೊರಗೆ ಕೂರಬೇಕು; ಬೇರೆ ತಂಬಿಗೆ, ಬೇರೆ ಚಾಪೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡರೆ ಬಿಡುಗಡೆ. ಹಾಸ್ಟೆಲ್ಲಿನಿಂದ ಹಬ್ಬಕ್ಕೆ ಹೋದಾಗ ಮುಟ್ಟಾಗಿದ್ದರೆ "ಇವತ್ತು ನಾಕನೇ ದಿನ" ಅಂದುಬಿಡುವುದು ನನಗೆ ರೂಢಿಯಾಗಿತ್ತು. ಮಂಗಳೂರಿನಲ್ಲಿ ನನ್ನನ್ನು ಯಾರೂ ಹೊರಗೆ ಕೂರಿಸಲಿಲ್ಲ. ಆದರೂ ಲ್ಯಾಬಿನಲ್ಲಿ ಫಾರ್ಮು ತುಂಬುವಾತ ಎಷ್ಟನೆಯ ದಿನ ಎಂದು ಕೇಳಿದಾಗ, ಮೊದಲನೆಯ ದಿನದ ಹೊಟ್ಟೆನೋವಿನಲ್ಲೇ "ನಾಲ್ಕು" ಅಂದೆ. ಮುಂದಿನ ಲೆಕ್ಕವೆಲ್ಲ ಮೂರು ದಿನ ತಪ್ಪಿತು.

ಒಂದು ಮಧ್ಯಾಹ್ನ ಲ್ಯಾಬಿನ ಮುಖ್ಯಸ್ಥೆ ಮೇಡಂ ಹಾಳೆ ಹರಡಿ ಕೂತರು. "ಒಂಬತ್ತನೇ ನಂಬರಿಗೆ ಎಂತ ಆಗಿದೆ? ಹಾರ್ಮೋನು ಏರಬೇಕಾದ ದಿನ ಏರಲೇ ಇಲ್ಲ. ಬೆಂಗ್ರೆಯವರದ್ದೇ ಇರ್ಬೇಕು, ದಿನ ಸರಿ ಹೇಳುವುದಿಲ್ಲ. ಅವರನ್ನು ಬಿಡುವ."

ಬೆಂಗ್ರೆಯಿಂದ ಬರುತ್ತಿದ್ದವರು ಮೀನು ಮಾರುವ ಶಾರದಕ್ಕ. ಅವರ ಅಕ್ಕ ಸ್ತನ ಕ್ಯಾನ್ಸರಿನಲ್ಲಿ ತೀರಿಹೋಗಿದ್ದರು. ಪ್ರತಿ ಸಲ ಹೊಳೆ ದಾಟಿ ಬಂದು, ಬುಟ್ಟಿ ಬದಿಗಿಟ್ಟು ಕೈ ಚಾಚುತ್ತಿದ್ದರು. "ನನ್ನ ಮಗಳ ಕಾಲಕ್ಕಾದ್ರೂ ಎಂತ ಅಂತ ಗೊತ್ತಾಗ್ಲಿ ಮಾರಾಯ್ತಿ."

ನನಗೆ ನಾಚಿಕೆಯಾಯಿತು. "ಅದು ನಾನಿರಬೇಕು ಮೇಡಂ. ದಿನ ಸುಳ್ಳು ಹೇಳಿದ್ದೆ," ಎಂದೆ.

ಹೆಸರಿನ ಪಟ್ಟಿ ತೆರೆದರು. ಒಂಬತ್ತು ನಾನೇ. ನನ್ನನ್ನು ಬೆಚ್ಚಿಬೀಳಿಸಿದ ಸ್ಲೈಡೂ ಒಂಬತ್ತೇ ಎಂದು ಆಗ ನೆನಪಾಗಿ, ಆ ಬಾಲಗಳ ಬಗ್ಗೆ ಕೇಳಿದೆ.

"ಬಾಲ ಎಲ್ಲರಲ್ಲೂ ಸ್ವಲ್ಪ ಉಂಟು, ದೇಹವೇ ರಿಪೇರಿ ಮಾಡಿಕೊಳ್ತದೆ," ಎಂದರು ಮೇಡಂ. "ಸುಳ್ಳು ಯಾಕೆ? ಇಲ್ಲಿ ಯಾರಿಗೆ ಹೆದರ್ತೀರಿ ನೀವು?"

ನಾನು ಪೆನ್ನು ತೆಗೆದುಕೊಂಡು ಹಾಳೆಯಲ್ಲಿ ನನ್ನ ಸಾಲನ್ನು ಹೊಡೆದುಹಾಕಿದೆ. ಶಾರದಕ್ಕ ಪಟ್ಟಿಯಲ್ಲಿ ಉಳಿದರು, ನಾನು ಹೊಸದಾಗಿ ಶುರುಮಾಡಬೇಕಾಯಿತು.

ಮೊನ್ನೆ ಬೆಳಿಗ್ಗೆ ರಕ್ತ ಕೊಟ್ಟು, ಫಾರ್ಮಿನಲ್ಲಿ "ಮೊದಲನೆಯ ದಿನ" ಎಂದು ನಾನೇ ಬರೆದೆ. ಮಧ್ಯಾಹ್ನ ತಂಗಿಯ ನಿಶ್ಚಿತಾರ್ಥಕ್ಕೆಂದು ಊರಿನ ಬಸ್ಸು ಹತ್ತಿದೆ. ಪಡೀಲ್ ದಾಟುವಾಗ ಅವ್ವನ ಫೋನು ಬಂತು.

"ನಾಳೆ ಆರತಿ ನೀನ ಹಿಡೀಬೇಕು. ಹೊರಗ ಆಗಿಲ್ಲಲ್ಲ?"

"ಆಗಿತ್ತವ್ವ. ಇವತ್ತಿಗೆ ನಾಕನೇ ದಿನ."

ಅವ್ವ ನಿಶ್ಚಿಂತೆಯಿಂದ ಫೋನಿಟ್ಟಳು. ಮಂಗಳೂರಿನಲ್ಲಿ ನನಗೆ ಮೊದಲನೆಯ ದಿನ, ವಿಜಯಪುರದಲ್ಲಿ ನಾಲ್ಕನೆಯದು. ಎರಡೂ ಒಂದೇ ಮೈಯಲ್ಲಿ, ಒಂದೇ ಸೀಟಿನಲ್ಲಿ ಕೂತು ಊರಿಗೆ ಹೊರಟಿದ್ದವು.