ಬೆಳಿಗ್ಗೆ ಹಾಕಿದ ಗಂಟು

ಅತ್ತೆಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ರೇಷನ್ ಕಾರ್ಡಿಗೆಂದು ತಾಲೂಕು ಕಚೇರಿಗೆ ಹೋದಾಗ, ಸಹಿ ಹಾಕುತ್ತೇನೆಂದರೂ ಕೇಳದೆ ಗುಮಾಸ್ತ ಹೆಬ್ಬೆಟ್ಟನ್ನೇ ಒತ್ತಿಸಿದ. ಕಾಗದದ ಮೇಲೆ ಬಿದ್ದದ್ದು ಒಂದು ನುಣ್ಣನೆಯ ಕಪ್ಪು ಮಚ್ಚೆ. ಇನ್ನೊಮ್ಮೆ ಒತ್ತಿಸಿದ. ಅದೇ ಮಚ್ಚೆ. “ಏನಮ್ಮ, ಬೆರಳನ್ನ ಎಲ್ಲಿ ಕಳಕೊಂಡು ಬಂದೆ?” ಎಂದ.

“ಮಗ್ಗದ ಮನೇಲಿ ಸವೆದೋಯ್ತು ಸಾ. ನಿಮ್ಮೆಂಡ್ರ ಮದ್ವೆ ಸೀರೆ ಬಿಚ್ಚಿ ನೋಡಿ, ನನ್ ಗೆರೆಯೆಲ್ಲ ಅದರಲ್ಲೇ ಅದೆ” ಎಂದರು ಅತ್ತೆ.

ಅವರು ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ, ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಒಂಟಿಯಾಗಿ ಇದ್ದವರು; ಬೀದಿಗೆಲ್ಲ ಅತ್ತೆ. ಅಚ್ಚು ಕೆಚ್ಚುವುದು ಅವರ ಕೆಲಸ. ಮಗ್ಗದಲ್ಲಿ ಉದ್ದದ ಎಳೆಗಳ ಒಂದು ಹಾಸು ಮುಗಿದು ಇನ್ನೊಂದನ್ನು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಸೇರಿಸಬೇಕು. ಒಂದಲ್ಲ, ನಾಲ್ಕೈದು ಸಾವಿರ ಎಳೆ. ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಹೊಸೆದು, ಒಂದು ತಿರುವು ಕೊಟ್ಟು ಬಿಡುವರು. ಕಣ್ಣು ಬೇರೆ ಕಡೆ ಇರುತ್ತಿತ್ತು, ಬಾಯಿ ಯಾರನ್ನೋ ಬೈಯುತ್ತಿತ್ತು. ಬೇರೆಯವರು ಕೆಚ್ಚಿದ ಹಾಸಿನ ಮೇಲೆ ಬೆರಳಾಡಿಸಿ ಅದು ಯಾರ ಕೈ ಎಂದು ಹೇಳಿಬಿಡುವರು: “ಇದು ಮೂಲೆಮನೆಯವಳ್ದು. ಗಂಡನ್ ಮ್ಯಾಲಿನ್ ಸಿಟ್ಟ ಎಳೆ ಮ್ಯಾಲೆ ತೀರಿಸ್ಕಂಡವ್ಳೆ.”

ಅವರು ಒಳ್ಳೆಯವರೆಂದು ಸಾಬೀತು ಮಾಡಲು ನಾನು ಕೂತಿಲ್ಲ. ಕೆಲಸ ಕಲಿಯಲು ಬಂದ ಹೆಂಗಸರನ್ನು ಒಂದು ವಾರದಲ್ಲಿ ಅಳಿಸಿ ಓಡಿಸುತ್ತಿದ್ದರು. ಶಿವರಾತ್ರಿಗೆ ಮುಂಚೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ನೀರು ಕೇಳಿದರೆ ಚೊಂಬಿನ ಜೊತೆಗೆ ಬೈಗುಳವನ್ನೂ ಕೊಡುವರು: “ಕಾಲ್ನಲ್ಲಿ ಬೊಬ್ಬೆ ಬರಿಸ್ಕಂಡು ಬಾ ಅಂತ ಮಾದಪ್ಪ ನಿಂಗೆ ಕಾಗ್ದ ಬರ್ದಿದ್ನಾ?” ಬೈಯುತ್ತಲೇ ಜಗಲಿಯ ಮೇಲೆ ಕೂರಿಸಿ ಅಂಗಾಲಿಗೆ ಬಟ್ಟೆ ಕಟ್ಟುವರು. ಬೆಟ್ಟ ಹತ್ತಿ ಇಳಿದು ಬಂದರೂ ಆ ಕಟ್ಟು ಸಡಿಲವಾಗುತ್ತಿರಲಿಲ್ಲ. ಹಾಗೆ ಕಟ್ಟುವುದನ್ನು ಅವರಿಗೆ ಕಲಿಸಿದ್ದು ಅವರ ಅಪ್ಪ.

ಆ ಅಪ್ಪನದೆಂದು ಅತ್ತೆಯ ಬಳಿ ಉಳಿದಿದ್ದದ್ದು ಒಂದು ಸ್ಕಾರ್ಫು. ಕಿಟಕಿಯ ಪಕ್ಕದ ಮೊಳೆಗೆ ಅದು ವರ್ಷಗಟ್ಟಲೆ ನೇತಾಡುತ್ತಿತ್ತು. ಬಿಸಿಲು ತಿಂದು ತಿಂದು ಹಳೆಯ ಗೋಣಿಯ ಬಣ್ಣಕ್ಕೆ ಬಂದಿತ್ತು. ಒಂದು ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಅತ್ತೆ ಪ್ರತಿದಿನ ಕೆಲಸಕ್ಕೆ ಕೂರುವ ಮುಂಚೆ ಆ ಗಂಟನ್ನು ಒಮ್ಮೆ ಮುಟ್ಟುವರು. ಕೈ ಮುಗಿಯುತ್ತಿರಲಿಲ್ಲ. ಬಾಗಿಲಿಗೆ ಚಿಲಕ ಬಿದ್ದಿದೆಯೇ ಎಂದು ನೋಡುವ ಹಾಗೆ ಮುಟ್ಟಿ ಬಿಡುವರು.

ನಮ್ಮ ಸೀಮೆಗೆ ಸ್ಕೌಟು ಹೊಸದಾಗಿ ಬಂದ ಕಾಲದಲ್ಲಿ ಅವರ ಅಪ್ಪ ಯಳಂದೂರಿನಲ್ಲಿ ಓದುತ್ತಿದ್ದರಂತೆ. ಖಾಕಿ ಚಡ್ಡಿ, ಕೋಲು, ಹಸಿರು ಸ್ಕಾರ್ಫು ಹಾಕಿ ನಿಂತ ಮೊದಲ ಸಾಲಿನಲ್ಲೇ ಇದ್ದರಂತೆ. ಆಮೇಲೆ ಅದೇ ಊರಿನಲ್ಲಿ ಮೇಷ್ಟ್ರಾದರು, ಸ್ಕೌಟನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದು ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕುವುದು. ಅವತ್ತು ಯಾರಿಗಾದರೂ ಒಂದು ಒಳ್ಳೆಯ ಕೆಲಸ ಮಾಡಿದ ಮೇಲೆ ಸಂಜೆ ಬಿಚ್ಚುವುದು. ಇದು ಸ್ಕೌಟಿನವರ ಪದ್ಧತಿ. ಬಿಚ್ಚುವ ತನಕ ಊಟಕ್ಕೆ ಕೂರಬಾರದು ಎಂಬುದನ್ನು ಆತ ತಾವೇ ಸೇರಿಸಿಕೊಂಡಿದ್ದಿರಬೇಕು.

ಅತ್ತೆಗೆ ಹನ್ನೆರಡು ವರ್ಷವಿದ್ದಾಗ ಆತ ಸುವರ್ಣಾವತಿ ಹೊಳೆಯಲ್ಲಿ ಹೆಣವಾಗಿ ಸಿಕ್ಕರು. ತಿಂಗಳ ಹಿಂದೆಯಷ್ಟೇ ಮೇಲಿನವರ ಜೊತೆ ಜಗಳವಾಗಿ ಕೆಲಸ ಹೋಗಿತ್ತು. ಹೊಳೆಗೆ ಇಳಿದದ್ದನ್ನು ಕಂಡವರಿಲ್ಲ. ಊರು ಮಾತ್ರ ಕಂಡವರ ಹಾಗೆಯೇ ಮಾತಾಡಿತು: ಮೇಷ್ಟ್ರು ಮಾನಕ್ಕೆ ಅಂಜಿ ಬಿದ್ದು ಸತ್ತರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಕೊಳ್ಳೇಗಾಲದ ತವರಿಗೆ ಬಂದರು. ಆಗ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದರಾಸಿಗೆ. ಮಾತಿಗೆ ಗಡಿ ಅಡ್ಡಬರಲಿಲ್ಲ. ಅತ್ತೆಯನ್ನು ನೋಡಲು ಬಂದ ಎರಡು ಗಂಡುಗಳ ಕಡೆಯವರೂ “ಹೊಳೆಗೆ ಬಿದ್ದೋನ ಮಗಳಂತೆ” ಎಂದು ಎದ್ದುಹೋದರು. ಮೂರನೆಯವರು ಬರಲಿಲ್ಲ.

ಹೆಣದ ಕುತ್ತಿಗೆಯಲ್ಲಿ ಸ್ಕಾರ್ಫು ಇತ್ತು. ಸ್ಕಾರ್ಫಿನ ತುದಿಯಲ್ಲಿ ಗಂಟು ಇತ್ತು. ಅತ್ತೆಗೆ ಅಷ್ಟು ಸಾಕಾಗಿತ್ತು.

ಎಂಬತ್ತರ ದಶಕದ ಒಂದು ಬೆಳಿಗ್ಗೆ ಯಳಂದೂರಿನಿಂದ ಅವರ ತಮ್ಮ ಬಂದಿದ್ದ. ದೊಡ್ಡವನಾದ ಮೇಲೆ ಅವನು ಹಿಂತಿರುಗಿ ಅಪ್ಪನ ಊರಿನಲ್ಲೇ ನೆಲೆಸಿದ್ದ. ಅಪ್ಪನ ಸ್ಕೌಟು ಕೋಲು ಅವನ ಪಾಲಿಗೆ ಹೋಗಿ ಬಚ್ಚಲು ಬಾಗಿಲಿನ ಅಗುಳಿಯಾಗಿತ್ತು. ಮಾತಿನ ನಡುವೆ ಏನೋ ಒಂದಕ್ಕೆ “ಅಪ್ಪ ಮಾಡ್ಕಂಡ ಕೆಲಸಕ್ಕೆ ನಾವು ಅನುಭವಿಸ್ದೊ, ಬುಡು” ಎಂದ. ಅತ್ತೆ ಬೂದಿ ಕೈಯಲ್ಲೇ ಎದ್ದು, ಸ್ಕಾರ್ಫನ್ನು ಮೊಳೆಯಿಂದ ಕಿತ್ತು ಅವನ ಮೂಗಿಗೆ ಹಿಡಿದರು.

“ನೋಡ್ಲಾ! ಸಾಯಕ್ಕೆ ಹೊಂಟೋನು ಬೆಳಿಗ್ಗೆ ಎದ್ದು ಗಂಟಾಕ್ಕಂಡು ಓಯ್ತನಾ? ಸಂಜೆ ಬಿಚ್ತೀನಿ ಅನ್ನೋನು ತಾನೆ ಗಂಟಾಕೋದು? ಯಾರಿಗೋ ಏನೋ ಮಾಡಕ್ಕೋಗಿ ಕಾಲು ಜಾರಿರ್ಬೇಕು ಕಣ್ಲಾ!”

“ಆಯ್ತಕ್ಕ, ಆಯ್ತು. ಮೂಗ್ಗೆ ತುರುಕ್ಬ್ಯಾಡ, ಧೂಳು” ಎಂದ ತಮ್ಮ.

ನಾನು ಆಗ ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಅವನು ಹೋದ ಮೇಲೆ, ಬುದ್ಧಿವಂತಿಕೆ ತೋರಿಸಲು, “ಅಭ್ಯಾಸಬಲದಿಂದ ಹಾಕಿಕೊಂಡಿರಬಹುದಲ್ಲ ಅತ್ತೆ?” ಎಂದೆ. ಅತ್ತೆ ನನ್ನನ್ನು ನೋಡಲೂ ಇಲ್ಲ. “ಗಂಟಾಕೋ ಅಭ್ಯಾಸ ಇರೋನ್ಗೆ ಬಿಚ್ಚೋ ಅಭ್ಯಾಸಾನೂ ಇರ್ತದೆ ಕಣವ್ವ” ಎಂದು ಮತ್ತೆ ಎಳೆಗೆ ಕೈ ಹಾಕಿದರು.

ಮುಂದಿನದನ್ನು ನಾನು ಬಹಳ ವರ್ಷ ನನಗೆ ನಾನೇ ಒಂದು ರೀತಿ ಹೇಳಿಕೊಂಡು ಬಂದಿದ್ದೇನೆ. ಅದು ಹೀಗಿದೆ: ತೊಂಬತ್ತರ ದಶಕದಲ್ಲಿ ಅತ್ತೆಯ ಎರಡು ಕಣ್ಣಿಗೂ ಪೊರೆ ಬಂತು. ಹನೂರಿನಲ್ಲಿ ಉಚಿತ ಕಣ್ಣಿನ ಶಿಬಿರ ಹಾಕಿದ್ದರು. ಮೂರು ದಿನ ಅಲ್ಲೇ ಇರಬೇಕಾಗಿತ್ತು. ಮನೆಯ ಬೀಗದ ಕೈಯನ್ನು ನನಗೆ ಕೊಟ್ಟು ಹೋದರು. ಬರುವಷ್ಟರಲ್ಲಿ ಮನೆ ಚೊಕ್ಕಟವಾಗಿರಲಿ ಎಂದು ನೆಲ ಒರೆಸಿದೆ, ಬಲೆ ತೆಗೆದೆ, ಒಗೆದು ಹಾಕೋಣವೆಂದು ಸ್ಕಾರ್ಫನ್ನು ಇಳಿಸಿದೆ, ಸೋಪು ಒಳಗೆ ಹೋಗಲೆಂದು ಗಂಟು ಬಿಚ್ಚಿದೆ.

ನೆಲ ಒರೆಸಿದ್ದು ನಿಜ. ಸ್ಕಾರ್ಫನ್ನು ನಾನು ಒಗೆಯಲಿಲ್ಲ. ಒಗೆದಿದ್ದರೆ ಅದಕ್ಕೆ ಇವತ್ತಿಗೂ ಅಂಟಿಕೊಂಡಿರುವ ಹೊಗೆಯ ವಾಸನೆ ಇರುತ್ತಿರಲಿಲ್ಲ. ಮಧ್ಯಾಹ್ನ, ಬಾಗಿಲು ಮುಂದೆ ಮಾಡಿ, ತಲೆಯ ಪಿನ್ನು ತೆಗೆದು ಗಂಟಿನ ಸಂದಿಗೆ ತೂರಿಸಿ ಕೂತಿದ್ದೆ. ಬೀದಿಯಲ್ಲಿ ಯಾರದೋ ಮಗ್ಗ ಬಡಿಯುತ್ತಿತ್ತು. ಅಷ್ಟು ವರ್ಷ ಎಲ್ಲರ ಮೂಗಿಗೆ ಹಿಡಿದ ಗಂಟಿನೊಳಗೆ ಏನಿದೆ ಎಂದು ನೋಡಬೇಕಾಗಿತ್ತು. ನೀರು ಕುಡಿದು ಬಿಗಿದ ಗಂಟು ಬೇಗ ಬಗ್ಗಲಿಲ್ಲ. ಬಿಚ್ಚಿಕೊಂಡಾಗ ಒಳಗಿನ ಮಡಿಕೆ ಹಸಿರಾಗಿತ್ತು. ನಾಟಿಗೆ ಬಂದ ಪೈರಿನ ಹಸಿರು. ಬಿಸಿಲು ಅಲ್ಲಿಗೆ ಮುಟ್ಟಿರಲಿಲ್ಲ. ಆ ಮನುಷ್ಯ ಬದುಕಿದ್ದ ಕಡೆಯ ಬೆಳಿಗ್ಗೆ ಇದ್ದ ಬಣ್ಣ.

ಅದನ್ನು ಕಂಡ ಮೇಲೆ ಹೆದರಿಕೆಯಾಯಿತು. ಮತ್ತೆ ಕಟ್ಟಿದೆ. ಬಿಚ್ಚಿ ಮತ್ತೆ ಕಟ್ಟಿದೆ. ಹಳೆಯ ಮಡಿಕೆ ಹಳೆಯ ಜಾಗಕ್ಕೆ ಬರಲಿಲ್ಲ. ಹೇಗೆ ಕಟ್ಟಿದರೂ ಉಗುರಿನಷ್ಟು ಅಗಲದ ಆ ಹಸಿರು ಪಟ್ಟಿ ಹೊರಗೇ ಉಳಿಯಿತು. ಆ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿ ಮೊಳೆಗೆ ನೇತುಹಾಕಿದೆ.

ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಮಾರನೆಯ ಬೆಳಿಗ್ಗೆ ಗೋಡೆ ಸವರಿಕೊಂಡು ಹೋಗಿ ಗಂಟನ್ನು ಮುಟ್ಟಿದರು. ಬೆರಳು ಅಲ್ಲೇ ನಿಂತಿತು.

“ಒಗ್ದಾಕ್ದ್ಯಾ?”

“ಇಲ್ಲ ಅತ್ತೆ” ಎಂದೆ. ಅದೊಂದು ನಿಜ.

ತಿಂಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮೊದಲು ತಮ್ಮ ಕೈಗಳನ್ನು ನೋಡಿಕೊಂಡರು. “ಅಯ್ಯೋ, ಇದ್ಯಾವ ಮುದ್ಕಿ ಕೈ!” ಎಂದು ನಕ್ಕರು. ಆಮೇಲೆ ಎದ್ದು ಮೊಳೆಯ ಹತ್ತಿರ ಹೋದರು. ಗಂಟನ್ನು ತಿರುಗಿಸಿದರು. ಗೆರೆಯಿಲ್ಲದ ಹೆಬ್ಬೆರಳಿನಿಂದ ಹಸಿರು ಪಟ್ಟಿಯನ್ನು ಉಜ್ಜಿದರು, ಹಸಿ ಬಣ್ಣವೇನೋ ಅಂಟಿದೆ ಎನ್ನುವ ಹಾಗೆ. ನಾನು ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದೆ. ನಾನು ತಿರುಗಿಸಿಟ್ಟಿದ್ದ ಹಾಗೆಯೇ ಅದನ್ನು ಗೋಡೆಯ ಕಡೆಗೆ ತಿರುಗಿಸಿದರು. ಅಂದಿನಿಂದ ಬೆಳಿಗ್ಗೆ ಅದನ್ನು ಮುಟ್ಟುವುದು ನಿಂತಿತು.

ಅದರ ನಂತರ ತಮ್ಮ ಇನ್ನೊಮ್ಮೆ ಬಂದ, ಮಗಳ ನಿಶ್ಚಿತಾರ್ಥಕ್ಕೆ ಕರೆಯಲು. ನಾನೂ ಅಲ್ಲಿದ್ದೆ. “ಗಂಡಿನ ಕಡೆಯವ್ರು ಹಳೇದೆಲ್ಲ ಕೆದಕ್ತಾವ್ರೆ ಕಣಕ್ಕ. ಅಪ್ಪ ಹೊಳೆಗೆ ಬಿದ್ದಿದ್ದು ನಿಜ ಅಂತ ಒಪ್ಕಂಡ್ಬುಟ್ಟೆ. ಯಾವ ಕಾಲದ್ದೋ, ಈಗೇನು?” ಎಂದ. ಎಂದವನೇ ಮೂಗನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ, ಸ್ಕಾರ್ಫು ಬರುತ್ತದೆಂದು. ಅತ್ತೆ ಬೂದಿಗೆ ಬೆರಳದ್ದಿ ಎಳೆ ಹೊಸೆಯುತ್ತಲೇ ಇದ್ದರು.

“ಯಾಕಕ್ಕ, ಇವತ್ತು ಮೊಳೆಯಿಂದ ಇಳ್ಸಲ್ವಾ?” ಎಂದ ಅವನು. ಅರ್ಧ ತಮಾಷೆ, ಅರ್ಧ ಗಾಬರಿ.

“ಈಗ ಕಣ್ ಕಾಣ್ತದೆ ಕಣ್ಲಾ” ಎಂದರು ಅತ್ತೆ.

ಅವನು ಆ ಮಾತನ್ನು ಸೋಲೆಂದು ತಿಳಿದ. ಅಕ್ಕನಿಗೆ ಕೊನೆಗೂ ಬುದ್ಧಿ ಬಂತೆಂದು ಸಮಾಧಾನದಿಂದಲೇ ಹೋದ. ಗಂಟು ಬಿಚ್ಚಿದ್ದು ನಾನು, ಒಳಗೆ ಹಸಿರಿತ್ತು, ಎಂದು ಆಗಲೇ ಹೇಳಿಬಿಡಬಹುದಿತ್ತು. ಬೀದಿಯ ತುದಿಯವರೆಗೂ ಅವನ ಬೆನ್ನು ಕಾಣುತ್ತಿತ್ತು.

ಆ ನಿಶ್ಚಿತಾರ್ಥಕ್ಕೆ ಅತ್ತೆ ಹೋಗಲಿಲ್ಲ. ನನಗೆ ಹನೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿ, ಊರಿಗೆ ಬರುವುದು ಕಡಿಮೆಯಾಯಿತು. ಬಂದಾಗ ಅವರ ಮನೆಯ ಮುಂದೆ ಬೇಗ ಬೇಗ ನಡೆಯುತ್ತಿದ್ದೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಅಮ್ಮ ಹೇಳಿಕಳಿಸಿದಾಗ ಹೋದೆ. ಕೈಗಳು ಹೊದಿಕೆಯ ಮೇಲೆ ಇಲ್ಲದ ಎಳೆಗಳನ್ನು ಹೊಸೆಯುತ್ತಿದ್ದವು. ನಾನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಹೋಗಿದ್ದ ಮಾತನ್ನು ಶುರುಮಾಡಿದೆ.

“ಅತ್ತೆ, ಆ ಗಂಟು…”

“ಗೊತ್ತು ಬುಡು. ಬೆರಳಿಗೇ ಗೊತ್ತಾಗಿತ್ತು. ಕಣ್ಣು ಆಮ್ಯಾಕೆ ನೋಡ್ತು.”

“ಒಳಗೆ ಹಸಿರಿತ್ತು ಅತ್ತೆ. ಅಂದ್ರೆ ಅದು ಅವರೇ ಹಾಕಿದ ಗಂಟು. ತಮ್ಮನಿಗೆ ಹೇಳಬಹುದಿತ್ತಲ್ಲ ನೀವು?”

“ನಮ್ಮಪ್ಪ ಆಕಿದ್ದು ಅಂತ ನಂಗೊತ್ತಿರ್ಲಿಲ್ವಾ? ನಂಗ್ಯಾಕೆ ಸಾಕ್ಷಿ? ಬ್ಯಾರೇವ್ರ ಮುಂದೆ ಇಡಕ್ಕೆ ಬೇಕಿತ್ತು.” ಉಸಿರಿಗೆ ನಿಂತರು. “ನೀ ಕಟ್ಟಿದ್ದ ತೋರ್ಸಿ, ಇದು ನಮ್ಮಪ್ಪ ಕಟ್ಟಿದ್ದು ಅಂತ ಯಾವ ಬಾಯಲ್ಲಿ ಏಳ್ಲವ್ವ?”

ಬಿಚ್ಚಿದ್ದು ಇವಳು ಎಂದು ತಮ್ಮನಿಗೆ ನನ್ನ ಹೆಸರು ಹೇಳಬಹುದಿತ್ತು. ಅದನ್ನೂ ಅವರು ಹೇಳಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಗೋಡೆಯ ಕಡೆಗೆ ಗಲ್ಲ ಎತ್ತಿ ತೋರಿಸಿದರು.

“ತಕ್ಕಂಡೋಗು. ಆಕ್ದೋರೇ ಬಿಚ್ಬೇಕು, ಅದು ಅಪ್ಪನ್ ಕಟ್ಲೆ. ಈ ಗಂಟು ನಿಂದು.”

ನಾಲ್ಕು ದಿನದ ಮೇಲೆ ಅತ್ತೆ ಹೋದರು. ಹೆಣದ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುವಾಗ ಯಾರೋ ಸಡಿಲ ಗಂಟು ಹಾಕಿದ್ದರು. ಚಟ್ಟ ಎತ್ತುವಷ್ಟರಲ್ಲಿ ಬಿಚ್ಚಿಕೊಂಡಿತ್ತು. ಇದ್ದಿದ್ದರೆ ಎಂಥ ಬೈಗುಳ ಬರುತ್ತಿತ್ತೋ.

ತಿಥಿ ಕಳೆದ ಮೇಲೆ ಸ್ಕಾರ್ಫನ್ನು ಚೀಲದಲ್ಲಿಟ್ಟುಕೊಂಡು ಯಳಂದೂರಿನ ಬಸ್ಸು ಹತ್ತಿದೆ. ಅತ್ತೆಯ ತಮ್ಮ ಜಗಲಿಯಲ್ಲಿ ಕೂತಿದ್ದ. ಎಲ್ಲವನ್ನೂ ಹೇಳಿದೆ, ಪಿನ್ನನ್ನು ಕೂಡ. ಹಸಿರು ಪಟ್ಟಿಯನ್ನು ತೋರಿಸಿದೆ. ಅವನು ಗಮನವಿಟ್ಟು ಕೇಳಿದ, ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿದ.

“ಹಂಗಾ? ನಾನು ಮೊದಲಿಂದ್ಲೂ ಅಕ್ಕನೇ ಆಕ್ಕಂಡವ್ಳೆ ಅಂದ್ಕಂಡಿದ್ದೆ. ಮದ್ವೆ ಮುರಿದೋದಾಗ ಯಾವತ್ತೋ ಕೂತು ಆಕಿರ್ಬೇಕು ಅಂತ. ಪಾಪ, ಇರ್ಲಿ ಅಂತ ಸುಮ್ನಿದ್ದೆ.”

“ಹಸಿರು ಇದೆಯಲ್ಲ, ನೋಡಿ. ಮಾಸುವ ಮುಂಚೆ ಹಾಕಿದ್ದು.”

“ಅದೆ. ಇದ್ರೂ ಇರ್ಬೌದು” ಎಂದ. ಬಟ್ಟೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟು, “ಅವ್ಳೂ ಇಲ್ಲ, ಅಪ್ಪನೂ ಇಲ್ಲ. ಕಾಫಿ ಕುಡಿದೋಗಿ” ಎಂದ. ಕೈಕಾಲು ತೊಳೆಯಲು ಹೋದಾಗ ಬಚ್ಚಲ ಬಾಗಿಲನ್ನು ಸ್ಕೌಟು ಕೋಲು ಸರಿಸಿ ತೆಗೆದೆ.

ಹಿಂತಿರುಗುವ ಬಸ್ಸಿನಲ್ಲಿ ಗಂಟಿಗೆ ಕೈ ಹಾಕಿದ್ದೆ. ಹೇಳಬೇಕಾದದ್ದನ್ನು ಹೇಳಿಯಾಯಿತಲ್ಲ, ಇನ್ನು ಬಿಚ್ಚಬಹುದು ಎಂದುಕೊಂಡೆ. ಕೇಳಬೇಕಾದವರು ಸತ್ತು ಹದಿನೈದು ದಿನವಾಗಿತ್ತು. ಕೈ ತೆಗೆದೆ.

ಈಗ ಅದು ಹನೂರಿನ ನನ್ನ ಮನೆಯ ಕಿಟಕಿಯ ಪಕ್ಕ ನೇತಾಡುತ್ತಿದೆ. ಪೆಟ್ಟಿಗೆಯಲ್ಲಿಡಲು ಮನಸ್ಸಾಗಲಿಲ್ಲ. ಹೊರಗೆ ಉಳಿದ ಹಸಿರು ಪಟ್ಟಿ ಈಚೆಗೆ ಬಿಳಿಚಿಕೊಳ್ಳುತ್ತಿದೆ, ಇನ್ನೊಂದೆರಡು ಬೇಸಿಗೆಗೆ ಉಳಿದ ಬಟ್ಟೆಯ ಬಣ್ಣಕ್ಕೆ ಬಂದುಬಿಡುತ್ತದೆ. ನಾನು ಹಾಕಿದ ಗಂಟಿನೊಳಗೆ ಸಿಕ್ಕಿಕೊಂಡಿರುವುದು ಆಗಲೇ ಮಾಸಿದ್ದ ಬಟ್ಟೆ.