ಡಾಕ್ಟರರ ಹದಿನೇಳನೆಯ ಟೋಕನ್

ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಅಮೆರಿಕದ ಪ್ಲಿಮತ್‌ನ ನಮ್ಮ ಮನೆಯ ಊಟದ ಮೇಜಿನ ಬಳಿ ನಾನು, ನನ್ನ ಹೆಂಡತಿ, ಪಕ್ಕದ ಮನೆಯಲ್ಲಿದ್ದು ತೀರಿಕೊಂಡ ಡಾಕ್ಟರರ ಮಗಳು. ಅವಳು ಮರದ ಪೆಟ್ಟಿಗೆ ತೆರೆದಳು. ಹಳೆಯ ತಾಮ್ರದ ವಾಸನೆ ಬಂತು. ಹಿಂದೆಯೇ ಡಾಕ್ಟರರೂ ಬಂದಂತಾಯಿತು…

"ಅಂಕಲ್, ಐ ಕಾಂಟ್ ರೀಡ್ ಕನ್ನಡ. ಓದಿ ಹೇಳ್ತೀರಾ? ಶಿಕಾಗೋದಲ್ಲಿ ಸೇಲ್ ಮಾಡೋಕೆ ಲಿಸ್ಟ್ ಬೇಕು."

ಧಾರವಾಡದ ಕಡೆಯ ಡಾಕ್ಟರರು ಬ್ರಿಟನ್ನಿನ ಹಳೆಯ ಟೋಕನ್ ಕೂಡಿಸುತ್ತಿದ್ದರು. ಸರ್ಕಾರದ ಚಿಲ್ಲರೆ ಸಾಲದಿದ್ದ ಕಾಲದಲ್ಲಿ ಅಲ್ಲಿನ ವ್ಯಾಪಾರಿಗಳೇ ಅಚ್ಚು ಹಾಕಿಸಿದ ತಾಮ್ರದ ಬಿಲ್ಲೆಗಳು ಅವು. ಒಟ್ಟು ಇಪ್ಪತ್ತನಾಲ್ಕು. ಒಂದೊಂದಕ್ಕೂ ಪುಟ್ಟ ಲಕೋಟೆ, ಮೇಲೆ ಕನ್ನಡದಲ್ಲಿ ಟಿಪ್ಪಣಿ. "ಇವನ್ನ ತೊಳೀಬಾರದ್ರೀ. ಮ್ಯಾಲಿನ ಕಂದು ಬಣ್ಣ ಹೋತಂದ್ರ ಇನ್ನೂರು ವರ್ಷ ಹೋತು," ಎನ್ನುತ್ತಿದ್ದರು.

ಹೃದಯದ ಆಪರೇಷನ್‌ಗೆ ಹೋಗುವಾಗ ಪೆಟ್ಟಿಗೆಯನ್ನು ನನ್ನ ವಶಕ್ಕೆ ಕೊಟ್ಟಿದ್ದರು. ಆಪರೇಷನ್ ನಡೆದ ಶುಕ್ರವಾರ ನನ್ನ ಹೆಂಡತಿ ಪೂಜೆಯ ಪಾತ್ರೆಗಳ ಜೊತೆ ಒಂದು ಟೋಕನ್ನನ್ನೂ ಹುಣಸೆಹಣ್ಣು ಹಾಕಿ ಉಜ್ಜಿ, ಅವರಿಗೆ ಒಳ್ಳೆಯದಾಗಲೆಂದು ದೇವರ ಮುಂದಿಟ್ಟಳು. ಅದು ಹದಿನೇಳನೆಯದು; ಅಂಥದ್ದು ಇನ್ನೊಂದು ಸಿಗದು ಎಂದು ಅವರು ಹೇಳಿದ್ದು ಅದರ ಬಗ್ಗೆಯೇ. ಹೊಸ ಚೊಂಬಿನಂತೆ ಹೊಳೆಯುತ್ತಿತ್ತು.

ನಾನು ಅದನ್ನು ಲಕೋಟೆಗೆ ಸೇರಿಸಿದೆ. ಅವರಿಗೆ ಹೇಳಬೇಡ, ಇನ್ನು ಆ ಮಾತೇ ಎತ್ತಬೇಡ ಎಂದು ಹೆಂಡತಿಗೆ ತಾಕೀತು ಮಾಡಿದೆ. ಮನೆಗೆ ಬಂದ ಡಾಕ್ಟರರು ಪೆಟ್ಟಿಗೆಯನ್ನು ತೆರೆಯದೆಯೇ ತೆಗೆದುಕೊಂಡರು. ಆಮೇಲೆ ಒಂಬತ್ತು ವರ್ಷ, ಬೆಳಿಗ್ಗೆ ಆರಕ್ಕೆ ಇಬ್ಬರೂ ಜೊತೆಯಾಗಿ ನಡೆದೆವು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೊರಡುತ್ತಿದ್ದೆ… ಹೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಅವರು ಹೋದರು.

ಹದಿನಾರು ಲಕೋಟೆ ಓದಿದೆ. ಹದಿನೇಳನೆಯದರಲ್ಲಿ ಹಳೆಯ ಟಿಪ್ಪಣಿಯ ಕೆಳಗೆ ಬೇರೆ ಶಾಯಿಯಲ್ಲಿ ಬರೆದಿತ್ತು: "ನನ್ನ ಆಪರೇಷನ್ ದಿನ ಪಕ್ಕದ ಮನೆಯ ತಂಗಿ ತೊಳೆದು ದೇವರ ಮುಂದೆ ಇಟ್ಟದ್ದು. ಮಾರಬಾರದು."

ನಾನು ಹೆಂಡತಿಯ ಮುಖ ನೋಡಿದೆ.

"ಆಸ್ಪತ್ರೆಯಲ್ಲೇ ಹೇಳ್ಬಿಟ್ಟೆ ರೀ. 'ನಗಿಸಬ್ಯಾಡ ತಂಗಿ, ಹೊಲಿಗಿ ಜಗ್ತಾವ' ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ಆ ಮಾತೇ ಎತ್ತಬೇಡ ಅಂದಿದ್ದು ನೀವೇ ಅಲ್ವಾ?"

ಒಂಬತ್ತು ವರ್ಷದಿಂದ ಹಿಡಿದಿಟ್ಟಿದ್ದ ಉಸಿರು ಹೊರಬಂತು. ನಗುವೂ ಬಂತು. ಆದರೆ ಜೊತೆಯಲ್ಲಿ ನಗಬೇಕಾದವರು ಇರಲಿಲ್ಲ.

"ವಾಟ್ ಡಸ್ ಇಟ್ ಸೇ, ಅಂಕಲ್?"

ಒಂದಕ್ಷರ ಬಿಡದೆ ಓದಿ, ಅರ್ಥವನ್ನೂ, ನಡೆದದ್ದನ್ನೂ ಹೇಳಿದೆ. ಅವಳು ಆ ಲಕೋಟೆಯನ್ನು ಎತ್ತಿ ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಉಳಿದ ಏಳನ್ನೂ ಓದಿದೆ. ನಾಲ್ಕು ಗಂಟೆಗೆ, ಇಪ್ಪತ್ತಮೂರು ಸಾಲಿನ ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ.